ಮೂರು ವರ್ಷಕ್ಕೆ ಒಂದೇ ಸಾಲು

ಬರ್ಮಾ ಅಂಕಲ್ ಸುಳ್ಳು ಹೇಳುತ್ತಿದ್ದಾರೆಂದು ನಾನು ಸಾಕ್ಷಿ ಸಮೇತ ತೋರಿಸಿಕೊಟ್ಟ ದಿನ ನಮ್ಮ ಮನೆಯಲ್ಲಿ ಬಿಸಿಬೇಳೆ ಬಾತ್. ಅದನ್ನು ಬಿಸಿಯಾಗಿ ತಿನ್ನಲು ಯಾರಿಗೂ ಆಗಲಿಲ್ಲ. ನನ್ನ ವಾದ ಮುಗಿಯುವ ಹೊತ್ತಿಗೆ ನಾಲ್ಕೂ ತಟ್ಟೆಗಳಲ್ಲಿ ಅದು ಆರಿ ಗಟ್ಟಿಯಾಗಿತ್ತು. ಆ ಭಾನುವಾರದ ಮಾತು ಬಂದರೆ ಅಮ್ಮ ಇವತ್ತಿಗೂ ಮೊದಲು ಹೇಳುವುದು ಬಾತ್ ಹಾಳಾಯಿತು ಎಂದೇ.

ಆಗ ನಾನು ವರ್ಜೀನಿಯಾದ ಸೆಂಟರ್‌ವಿಲ್‌ನಲ್ಲಿ ಹೈಸ್ಕೂಲಿನ ಕೊನೆಯ ವರ್ಷದಲ್ಲಿದ್ದೆ. ಹತ್ತು ವರ್ಷದವರೆಗೆ ಮೈಸೂರಿನಲ್ಲಿ ಅಜ್ಜಿಯ ಹತ್ತಿರ ಇದ್ದು, ಕನ್ನಡ ಶಾಲೆಗೆ ಹೋಗಿ, ಆಮೇಲೆ ಅಪ್ಪ ಅಮ್ಮನ ಬಳಿಗೆ ಬಂದವಳು. ಬಂದ ಹೊಸತರಲ್ಲಿ ಇಂಗ್ಲಿಷಿನಲ್ಲಿ ಜಗಳವಾಡಲು ಬಾರದೆ ಎರಡು ವರ್ಷ ಎಲ್ಲರ ಕೈಲೂ ಸೋತೆ. ಆ ಸಿಟ್ಟಿಗೇ ಡಿಬೇಟ್ ಟೀಮ್ ಸೇರಿದ್ದು. ಅಲ್ಲಿ ಒಂದೇ ವಿಷಯದ ಪರವಾಗಿ ಬೆಳಿಗ್ಗೆ ವಾದಿಸಬೇಕು, ವಿರುದ್ಧವಾಗಿ ಮಧ್ಯಾಹ್ನ. ಬಾಯಿಗೆ ಬಂದದ್ದನ್ನು ಹೇಳುವಂತಿಲ್ಲ. ಪ್ರತಿ ಮಾತಿಗೂ ಪತ್ರಿಕೆಯಿಂದಲೋ ಪುಸ್ತಕದಿಂದಲೋ ಕತ್ತರಿಸಿ ಅಂಟಿಸಿದ ಒಂದು ಕಾರ್ಡು ಬೇಕು. ನನ್ನ ಕೋಣೆಯಲ್ಲಿ ಬಟ್ಟೆಗಿಂತ ಕಾರ್ಡಿನ ಡಬ್ಬಗಳೇ ಹೆಚ್ಚಿದ್ದವು. ಯಾರು ಹೇಳಿದರು, ಯಾವಾಗ ಹೇಳಿದರು, ಹೇಳಿದ್ದರಿಂದ ಅವರಿಗೇನು ಲಾಭ, ಈ ಮೂರನ್ನು ಕೇಳದೆ ನಾನು ಹವಾಮಾನದ ವರದಿಯನ್ನೂ ನಂಬುತ್ತಿರಲಿಲ್ಲ. "ಸಾರಿಗೆ ಉಪ್ಪು ಕಮ್ಮಿ ಅಂದ್ರೂ ಇವಳು ಸಾಕ್ಷಿ ಕೇಳ್ತಾಳೆ" ಎಂದು ಅಮ್ಮ ಫೋನಿನಲ್ಲಿ ಯಾರಿಗೋ ಹೇಳಿಕೊಂಡು ನಗುತ್ತಿದ್ದರು.

ಆ ವರ್ಷ ನಮ್ಮ ವಾದದ ವಿಷಯ ಮಿಲಿಟರಿ ಸರ್ಕಾರಗಳ ಜೊತೆ ಅಮೆರಿಕ ವ್ಯಾಪಾರ ಮಾಡಬೇಕೇ ಬೇಡವೇ ಎಂಬುದರ ಸುತ್ತ ಇತ್ತು. ಬರ್ಮಾಕ್ಕೇ ನನ್ನಲ್ಲಿ ಒಂದು ಪ್ರತ್ಯೇಕ ಡಬ್ಬವಿತ್ತು. ಸಮುದ್ರದಿಂದ ಗ್ಯಾಸ್ ತೆಗೆದು ಕಾಡಿನ ಮೂಲಕ ಪಕ್ಕದ ದೇಶಕ್ಕೆ ಪೈಪ್ ಎಳೆಯುವ ಕೆಲಸ, ಆ ದಾರಿಯ ಹಳ್ಳಿಗಳನ್ನು ಸೈನಿಕರು ಎಬ್ಬಿಸಿದ್ದು, ಜನರನ್ನು ಹಿಡಿದು ಕೂಲಿ ಮಾಡಿಸಿದ್ದು, ಎಲ್ಲವೂ ಅದರಲ್ಲಿದ್ದವು. ಆ ದೇಶದಲ್ಲಿ ಎಣ್ಣೆ, ಗ್ಯಾಸ್ ಎಂದು ದುಡ್ಡು ಮಾಡಿದವನು ಜನರಲ್‌ಗಳ ಕೈ ಕುಲುಕದೆ ಮಾಡಿರಲು ಸಾಧ್ಯವಿಲ್ಲ ಎಂಬ ಕಾರ್ಡನ್ನು ನಾನು ಅದೆಷ್ಟು ಸಲ ಓದಿದ್ದೆನೋ.

ಹೀಗಿರುವಾಗ, ಒಂದು ಶನಿವಾರ ಅಪ್ಪ ಏರ್‌ಪೋರ್ಟಿನಿಂದ ಒಬ್ಬರನ್ನು ಕರೆತಂದು, "ಇವನು ನನ್ನ ಮೈಸೂರು ಹಾಸ್ಟೆಲ್ ಮೇಟು. ಬರ್ಮಾದಲ್ಲಿ ಆಯಿಲ್ ಅಂಡ್ ಗ್ಯಾಸ್ ಕಂಪನಿ ಇಟ್ಟಿದ್ದ" ಎಂದರು.

ಕುಳ್ಳಗೆ, ಗಟ್ಟಿಮುಟ್ಟಾಗಿದ್ದರು. ಕೋಟು ಒಳ್ಳೆಯದು, ಬೂಟು ಸವೆದದ್ದು. ಇದನ್ನು ಗಮನಿಸಿ ಇಟ್ಟುಕೊಂಡೆ. ಅವರು ಬಾಗಿಲಲ್ಲೇ ಬೂಟು ಕಳಚಿ, ಅಮ್ಮನಿಗೆ ಕೈಮುಗಿದು, ಅಚ್ಚ ಮೈಸೂರಿನ ಧಾಟಿಯಲ್ಲಿ, "ಏನ್ ಅಮ್ಮಾವ್ರೆ, ಸಾರು ಘಮ್ ಅಂತಾ ಇದೆ. ಇನ್ನೊಂದ್ ಸೌಟು ಹಾಕ್ಸ್ಕೋಬೋದಾ?" ಎಂದರು. ಊಟಕ್ಕೆ ಇನ್ನೂ ಕೂತೇ ಇರಲಿಲ್ಲ. ಅಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕರು. ಹಾಸ್ಟೆಲ್ಲಿನ ಅಡುಗೆಯವರ ಹತ್ತಿರ ಕಲಿತ ಕನ್ನಡವಂತೆ. ಆದ್ದರಿಂದ ಬಡಿಸುವ ಮಾತು, ಬೈಯುವ ಮಾತು, ಕ್ರಿಕೆಟ್ಟಿನ ಮಾತು ಅವರಿಗೆ ಸಲೀಸಾಗಿ ಬರುತ್ತಿತ್ತು. ಉಳಿದದ್ದಕ್ಕೆ ಇಂಗ್ಲಿಷು. ಅಪ್ಪ ಮೆಡಿಕಲ್ ಓದುವಾಗ ಇವರು ಭೂಗರ್ಭಶಾಸ್ತ್ರ ಓದಿದ್ದರು, ನಾಲ್ಕು ವರ್ಷ ಒಂದೇ ರೂಮು. ಅಪ್ಪನನ್ನು 'ಲೋ' ಎಂದು ಕರೆಯುವವರನ್ನು ನಾನು ಅಮೆರಿಕದಲ್ಲಿ ಮೊದಲ ಸಲ ನೋಡಿದ್ದು ಆಗಲೇ.

ಆ ಸಂಜೆ ಅವರು ತಮ್ಮ ಮನೆತನದ ಬಾವಿಗಳ ಕಥೆ ಹೇಳಿದರು. ಐರಾವತಿ ನದಿಯ ದಂಡೆಯ ಒಣ ಸೀಮೆಯಲ್ಲಿ ತಲೆತಲಾಂತರದಿಂದ ಎಣ್ಣೆ ಬಾವಿ ತೋಡುವ ಹಕ್ಕಿದ್ದ ಕೆಲವು ಮನೆತನಗಳಿದ್ದವಂತೆ. ಅವರದು ಅಂಥ ಒಂದು. ಯಂತ್ರವಿಲ್ಲ, ಗುದ್ದಲಿ ಮತ್ತು ಹಗ್ಗ. ಒಳಗೆ ಗ್ಯಾಸಿನ ವಾಸನೆಗೆ ತಲೆ ತಿರುಗುವುದರಿಂದ ಇಳಿದವನು ಕೆಲವೇ ನಿಮಿಷ ಇರಬಹುದು.

"ಇಳಿಯೋ ಮುಂಚೆ ಅವನ ಕಣ್ಣಿಗೆ ಬಟ್ಟೆ ಕಟ್ತಾರೆ" ಎಂದರು.

"ಕಣ್ಣಿಗ್ಯಾಕೆ?" ಎಂದೆ. ತಕ್ಷಣ ಅನುಮಾನ ಬಂದಿತ್ತು.

"ಬಿಸಿಲಿಂದ ಕತ್ತಲೆಗೆ ಹೋದ್ರೆ ಕಣ್ಣು ಕಾಣೋಕೆ ಟೈಮ್ ಬೇಕಲ್ಲಮ್ಮ. ಅಷ್ಟರಲ್ಲಿ ಅವನ ನಿಮಿಷ ಎಲ್ಲಾ ಮುಗ್ದೋಗತ್ತೆ. ಅದಕ್ಕೆ ಮೇಲೇ ಕತ್ತಲೆ ಮಾಡ್ಕೊಂಡು ಹೋಗ್ತಾನೆ. ಕೆಳಗೆ ಬಿಚ್ತಾನೆ."

ಇಷ್ಟು ಚೆನ್ನಾಗಿ ಹೊಂದಿಕೊಳ್ಳುವ ವಿವರ ಸಾಮಾನ್ಯವಾಗಿ ಕಟ್ಟಿದ್ದೇ ಇರುತ್ತದೆ ಎಂದು ನನ್ನ ಅಂದಾಜು. ಮಂಗಳವಾರ ಲೈಬ್ರರಿಗೆ ಹೋಗಿ ಹುಡುಕಿದೆ. ಯಾರೋ ಹಳೆಯ ಕಾಲದ ಪ್ರವಾಸಿ ಇದನ್ನೇ ಬರೆದಿದ್ದ, ಬಟ್ಟೆಯ ಸಮೇತ. ಸ್ವಲ್ಪ ನಿರಾಸೆಯಾಯಿತು. ಕೂಡಲೇ ಇನ್ನೊಂದು ಯೋಚನೆ ಬಂತು: ನಾನು ಓದಬಹುದಾದ ಪುಸ್ತಕವನ್ನು ಅವರೂ ಓದಿರಬಹುದಲ್ಲ?

ಅವರು ಬಂದ ಕಾರಣ ಒಂದು ವಾರದೊಳಗೆ ತಿಳಿಯಿತು. ಅವರ ದೇಶದ ಸರ್ಕಾರ ಎಣ್ಣೆ ತೆಗೆಯುವ ಅವರ ಪರ್ಮಿಟ್ ಕಿತ್ತುಕೊಂಡು, ವಾರಂಟ್ ಹೊರಡಿಸಿತ್ತು. ಬ್ಯಾಂಕಾಕ್ ಮೂಲಕ ತಪ್ಪಿಸಿಕೊಂಡು ಬಂದಿದ್ದರು. ಇಲ್ಲಿ ಆಶ್ರಯ ಕೇಳಿ ಅರ್ಜಿ ಹಾಕಿದ್ದರು. ಆರ್ಲಿಂಗ್ಟನ್ನಿನ ವಕೀಲರೊಬ್ಬರು, ಹುಟ್ಟಿನಿಂದ ಇವತ್ತಿನವರೆಗಿನ ಬದುಕು ಮತ್ತು ಕೆಲಸದ ಹೇಳಿಕೆಯೊಂದನ್ನು ಬರೆದುಕೊಡಿ ಎಂದಿದ್ದರು. ಅದರ ಜೊತೆಗೆ, ಬಹಳ ಕಾಲದಿಂದ ಬಲ್ಲ ಒಬ್ಬ ಅಮೆರಿಕನ್ ಪ್ರಜೆ 'ಈ ಹೇಳಿಕೆಯಲ್ಲಿರುವುದು ನಿಜ' ಎಂದು ಪ್ರಮಾಣ ಮಾಡಿದ ಪತ್ರವೂ ಬೇಕಿತ್ತು. ಆ ಪ್ರಜೆ ಅಪ್ಪ. ಹೇಳಿಕೆಯ ಇಂಗ್ಲಿಷ್ ತಿದ್ದಿ ಟೈಪ್ ಮಾಡುವ ಕೆಲಸ ನನಗೆ ಬಂತು. "ಇವಳ ಇಂಗ್ಲಿಷ್ ಲಾಯರ್‌ಗಿಂತ ಚೆನ್ನಾಗಿದೆ" ಎಂದು ಅಪ್ಪ ಬೀಗಿದರು.

ವಿಷಯ ಸರಳವಾಗಿತ್ತು. ಅರ್ಜಿ ಬಿದ್ದುಹೋದರೆ ಅವರನ್ನು ವಿಮಾನ ಹತ್ತಿಸುತ್ತಾರೆ, ಆ ಕಡೆ ಇಳಿದಾಗ ಯಾರು ಕಾದಿರುತ್ತಾರೆಂದು ಎಲ್ಲರಿಗೂ ಗೊತ್ತಿತ್ತು. ಹೇಳಿಕೆ ಸುಳ್ಳೆಂದು ಸಾಬೀತಾದರೆ ಮಾತ್ರ ಸಿಕ್ಕಿಬೀಳುವುದು ಅವರೊಬ್ಬರೇ ಅಲ್ಲ. ಪ್ರಮಾಣ ಮಾಡಿ ಸಹಿ ಹಾಕಿದ ಡಾಕ್ಟರೂ ಉತ್ತರ ಕೊಡಬೇಕು. ನಮ್ಮಪ್ಪ ಇಪ್ಪತ್ತು ವರ್ಷ ಒಂದು ಪಾರ್ಕಿಂಗ್ ಟಿಕೆಟ್ಟೂ ತಗೊಳ್ಳದೆ ಕಟ್ಟಿದ ಹೆಸರನ್ನು, ಮೂರು ದಶಕದಿಂದ ಮುಖ ನೋಡಿರದ ಗೆಳೆಯನ ಕೈಗೆ ಕೊಡುತ್ತಿದ್ದರು. ಅದು ನನಗೆ ಸರಿಕಾಣಲಿಲ್ಲ.

ಅವರು ಕೈಯಲ್ಲಿ ಬರೆದ ಹೇಳಿಕೆ ಇಪ್ಪತ್ತು ಪುಟಕ್ಕೂ ಮೀರಿ ಇತ್ತು. ಮೈಸೂರಿನಿಂದ ವಾಪಸು ಹೋದ ಸ್ವಲ್ಪ ಕಾಲಕ್ಕೇ ಸರ್ಕಾರ ಎಣ್ಣೆಯನ್ನೆಲ್ಲ ತನ್ನದು ಮಾಡಿಕೊಂಡಿತು. ತಾತನ ಬಾವಿಗಳ ಮೇಲೆ ಸರ್ಕಾರದ ಬೋರ್ಡು ಬಂತು. ಇವರು ಅದೇ ಜಾಗದಲ್ಲಿ ಅದೇ ಸರ್ಕಾರದ ನೌಕರರಾಗಿ ಕೊರೆಯುವ ಕೆಲಸಕ್ಕೆ ಸೇರಿದರು. ತುಂಡಾದ ಡ್ರಿಲ್ ಪೈಪನ್ನು ಒಳಗಿನಿಂದ ಹೇಗೆ ತೆಗೆಯುತ್ತಿದ್ದರು, ಬಿಡಿಭಾಗ ಸಿಗದಾಗ ಹಳೆಯ ಲಾರಿಯ ಗೇರನ್ನು ಎಲ್ಲಿ ಜೋಡಿಸಿದರು, ಎಲ್ಲವೂ ಬರೆದಿತ್ತು. ಆಮೇಲೆ ಕಾಲ ಬದಲಾಯಿತು, ವಿದೇಶಿ ಕಂಪನಿಗಳನ್ನು ಒಳಗೆ ಬಿಟ್ಟರು. ಇವರು ಕೆಲಸ ಬಿಟ್ಟು, ಬಾವಿ ಕೊರೆಯುವ ಎರಡು ಮುದಿ ರಿಗ್ ಕೊಂಡು, ಸ್ವಂತ ಕಂಪನಿ ಮಾಡಿದರು. ಮೊದಲ ಬಾವಿಯಲ್ಲಿ ಕೆಸರು, ಎರಡನೆಯದರಲ್ಲಿ ಉಪ್ಪುನೀರು, ಮೂರನೆಯದರಲ್ಲಿ ಎಣ್ಣೆ. ಓದುತ್ತಾ ಓದುತ್ತಾ ನನ್ನ ಬೆರಳಿಗೂ ಗ್ರೀಸು ಅಂಟಿದಂತಾಯಿತು.

ಆಮೇಲೆ ಒಂದು ಸಾಲು: ಮುಂದಿನ ಮೂರು ವರ್ಷ ಬ್ಯಾಂಕಾಕ್‌ನಲ್ಲಿ ಸಲಹೆಗಾರನಾಗಿದ್ದೆ.

ಅಷ್ಟೇ. ಒಂದು ಗೇರಿಗೆ ಅರ್ಧ ಪುಟ ಬರೆದ ಮನುಷ್ಯ ಮೂರು ವರ್ಷಕ್ಕೆ ಒಂದೇ ಸಾಲು ಬರೆದಿದ್ದರು. ನಾನು ಅದರ ಪಕ್ಕದಲ್ಲಿ ಪೆನ್ಸಿಲಿನಿಂದ ಒಂದು ಗೀಟು ಹಾಕಿದೆ. ಆದರೆ ಗೀಟು ಹಾಕಿ ಮಾಡುವುದೇನು? ಸಲಹೆಗಾರನಾಗಿರಲಿಲ್ಲ ಎಂದು ತೋರಿಸಲು ನನ್ನ ಹತ್ತಿರ ಯಾವ ಕಾರ್ಡೂ ಇರಲಿಲ್ಲ. ಡಿಬೇಟಿನಲ್ಲಿ ಕಲಿತದ್ದೇ ಇದು: ಅನುಮಾನವಿರುವ ಕಡೆ ಹೊಡೆಯಬೇಡ, ಸಾಬೀತು ಮಾಡಬಹುದಾದ ಕಡೆ ಹೊಡೆ.

ಸಾಬೀತು ಮಾಡಬಹುದಾದದ್ದು ಮೊದಲ ಪುಟದಲ್ಲೇ ಇತ್ತು. ಹುಟ್ಟಿದ ದಿನ: ಜೂನ್ ಒಂದು.

ಅವರ ದೇಶದಲ್ಲಿ ಹುಟ್ಟಿದ ತಾರೀಖಿಗಿಂತ ಹುಟ್ಟಿದ ವಾರ ದೊಡ್ಡದು. ದೇವಾಲಯದಲ್ಲಿ ಪ್ರತಿ ವಾರದವರಿಗೂ ಅವರದೇ ಮೂಲೆ, ಅವರದೇ ಪ್ರಾಣಿ. ಇದನ್ನು ಅವರೇ ಹೇಳಿದ್ದರು. ನಮ್ಮ ದೇವರ ಗೂಡಿನ ಪಕ್ಕದ ಕ್ಯಾಲೆಂಡರಿನಲ್ಲಿ ಗರುಡನ ಮೇಲೆ ಕೂತ ವಿಷ್ಣುವನ್ನು ಕಂಡು, ವಿಷ್ಣುವನ್ನು ಬಿಟ್ಟು ಗರುಡನಿಗೆ ಕೈಮುಗಿದು, "ಇವನು ನಮ್ಮೋನು. ಭಾನುವಾರ ಹುಟ್ಟಿದವ್ರಿಗೆ ಗರುಡ" ಎಂದಿದ್ದರು. ಅಮ್ಮನಿಗೆ ಅದು ಬಹಳ ಹಿಡಿಸಿತ್ತು. ನಾನು ಮಾತ್ರ ಲೈಬ್ರರಿಯಲ್ಲಿ ಎಲ್ಲ ವರ್ಷಗಳ ವಾರ ತೋರಿಸುವ ಪಂಚಾಂಗದಂಥ ಪುಸ್ತಕ ತೆಗೆದು ನೋಡಿದೆ. ಅವರು ಬರೆದ ವರ್ಷದ ಜೂನ್ ಒಂದು ಭಾನುವಾರವೇ ಅಲ್ಲ, ಬುಧವಾರ. ಇನ್ನೊಂದು ಪುಸ್ತಕದಲ್ಲೂ ನೋಡಿದೆ. ಬುಧವಾರವೇ. ಆ ಪುಟದ ಜೆರಾಕ್ಸ್ ಮಾಡಿಸಿಕೊಂಡು ಮನೆಗೆ ಬರುವಾಗ ನನಗಾದ ಖುಷಿಯನ್ನು ಈಗ ನೆನೆದರೆ ಸ್ವಲ್ಪ ನಾಚಿಕೆಯೇ.

ಭಾನುವಾರ ಊಟಕ್ಕೆ, ತಾವು ಬಾಡಿಗೆಗೆ ಹಿಡಿದಿದ್ದ ರೂಮಿನಿಂದ ಅವರು ಬಂದರು. ಅಪ್ಪ ಸಹಿ ಹಾಕಬೇಕಾದ ಪತ್ರ ಮೇಜಿನ ತುದಿಯಲ್ಲಿತ್ತು. ಅಮ್ಮ ಬಾತಿನ ಮೇಲೆ ತುಪ್ಪ ಹಾಕುತ್ತಿದ್ದಂತೆ ನಾನು ಶುರು ಮಾಡಿದೆ.

"ಅಂಕಲ್, ನೀವು ಹುಟ್ಟಿದ್ದು ಯಾವ ವಾರ?"

"ಭಾನುವಾರ. ಹೇಳಿದ್ನಲ್ಲಮ್ಮ."

"ಗ್ಯಾರಂಟಿನಾ?"

"ನಮ್ಮಮ್ಮ ಭಾನುವಾರದ ಮೂಲೇಲಿ ನೀರು ಹಾಕಿಸ್ತಿದ್ಲು, ವಾರ ವಾರ. ಅವ್ಳಿಗೆ ಗೊತ್ತಿರಲ್ವಾ?"

"ಹಾಗಾದ್ರೆ ಈ ಹೇಳಿಕೇಲಿ ಬರೆದಿರೋ ತಾರೀಖು ನಿಮ್ದೇ ತಾನೆ?"

"ನಂದೇ."

ಎದುರಿನವರ ಬಾಯಿಂದ ಎರಡೂ ಹೇಳಿಸಿದ ಮೇಲೆಯೇ ಕಾಗದ ಹೊರಗೆ ತೆಗೆಯಬೇಕು. ತೆಗೆದು ಬಾತಿನ ಪಾತ್ರೆಗೆ ಒರಗಿಸಿ ಇಟ್ಟೆ. "ಆ ತಾರೀಖು ಬುಧವಾರ. ಎರಡರಲ್ಲಿ ಒಂದು ಸುಳ್ಳು. ಮೊದಲನೇ ಪುಟದ ಮೊದಲನೇ ಸಾಲೇ ಹೀಗಿದ್ರೆ ಉಳಿದದ್ದನ್ನ ಯಾಕೆ ನಂಬಬೇಕು? ಅಪ್ಪ, ನೀವು ಇದಕ್ಕೆ ಪ್ರಮಾಣ ಮಾಡಿ ಸೈನ್ ಹಾಕ್ತೀರಾ?"

ಅಮ್ಮನ ಕೈಯ ತುಪ್ಪದ ಚಮಚ ಅಲ್ಲೇ ನಿಂತಿತು. "ಊಟಕ್ಕೆ ಕೂತವ್ರನ್ನ ಹೀಗಾ ಕೇಳೋದು? ಬುದ್ಧಿ ಇದ್ಯೇನೇ?"

ಬರ್ಮಾ ಅಂಕಲ್ ಅಪ್ಪನ ಮುಖ ನೋಡಿದರು. ಅಪ್ಪ ಅವರ ಮುಖ ನೋಡಿದರು. ಇಬ್ಬರೂ ತಪ್ಪು ಮಾಡಿ ಸಿಕ್ಕಿಬಿದ್ದವರ ಹಾಗೆ ಇದ್ದಾರೆ ಎಂದು ನಾನು ಅಂದುಕೊಳ್ಳುವಷ್ಟರಲ್ಲಿ ಬರ್ಮಾ ಅಂಕಲ್ ಮೇಜು ಗುದ್ದಿ ನಗತೊಡಗಿದರು.

"ಲೋ, ಹೇಳೋ ನಿನ್ ಮಗಳಿಗೆ! ಯಾರ್ ಕೊಟ್ಟಿದ್ದು ಅಂತ ಹೇಳೋ!"

ಅಪ್ಪ ಪರ್ಸಿನಿಂದ ತಮ್ಮ ಡ್ರೈವರ್ಸ್ ಲೈಸೆನ್ಸ್ ತೆಗೆದು ನನ್ನ ಜೆರಾಕ್ಸಿನ ಪಕ್ಕದಲ್ಲಿಟ್ಟರು. ಜೂನ್ ಒಂದು. ವರ್ಷವೂ ಅದೇ.

ನಮ್ಮ ಮನೆಯಲ್ಲಿ ಅಪ್ಪನ ಹುಟ್ಟುಹಬ್ಬ ತಿಥಿಯ ಪ್ರಕಾರ, ದೀಪಾವಳಿಯ ಆಸುಪಾಸಿನಲ್ಲಿ. ಲೈಸೆನ್ಸಿನಲ್ಲಿ ಏನಿದೆಯೆಂದು ನಾನು ಒಮ್ಮೆಯೂ ನೋಡಿದವಳಲ್ಲ. ಅಪ್ಪನನ್ನು ಒಂದನೇ ಕ್ಲಾಸಿಗೆ ಸೇರಿಸಿದಾಗ ಮೇಷ್ಟ್ರು ವಯಸ್ಸು ಸರಿಹೋಗಲೆಂದು ಜೂನ್ ಒಂದು ಬರೆದುಕೊಂಡರಂತೆ. ಅದೇ ಸರ್ಟಿಫಿಕೇಟಿನಿಂದ ಸರ್ಟಿಫಿಕೇಟಿಗೆ ಹತ್ತಿ, ಸಮುದ್ರ ದಾಟಿ, ವರ್ಜೀನಿಯಾಕ್ಕೂ ಬಂದಿತ್ತು. ಹಾಸ್ಟೆಲ್ ಸೇರುವಾಗ ಬರ್ಮಾ ಅಂಕಲ್ ಹತ್ತಿರ ಇದ್ದದ್ದು ಹುಟ್ಟಿದ ವರ್ಷ ಮತ್ತು ವಾರ ಮಾತ್ರ. ತಿಂಗಳು, ದಿನ ಅವರ ದೇಶದ ಲೆಕ್ಕದಲ್ಲಿತ್ತು. ಗುಮಾಸ್ತ ಒಪ್ಪಲಿಲ್ಲ. ಇಂಗ್ಲಿಷ್ ತಾರೀಖಿಲ್ಲದಿದ್ದರೆ ರೂಮಿಲ್ಲ ಎಂದ. ಸಾಲಿನಲ್ಲಿ ಹಿಂದೆ ನಿಂತಿದ್ದ ಅಪ್ಪ, ಪರಿಚಯವೇ ಇಲ್ಲದ ಹುಡುಗನ ಫಾರಂ ಕಿತ್ತುಕೊಂಡು ತಮ್ಮ ತಾರೀಖನ್ನೇ ಬರೆದುಕೊಟ್ಟರು.

"ಹೇಗೂ ಸುಳ್ಳೇ ಅಲ್ವಾ, ಹಂಚ್ಕೊಂಡ್ರೆ ಏನಂತೆ ಅಂತ" ಎಂದರು ಅಪ್ಪ. ಅವರ ದನಿಯಲ್ಲಿ ನಗು ಇರಲಿಲ್ಲ. "ಅವನು ಸುಳ್ಳ ಆದ್ರೆ ನಾನೂ ಸುಳ್ಳ ಕಣಮ್ಮ. ನಮ್ಮ ಕನ್ನಡ ಕೂಟದಲ್ಲಿ ಅರ್ಧ ಅಂಕಲ್‌ಗಳು ಜೂನಲ್ಲೇ ಹುಟ್ಟಿದಾರೆ. ಹೋಗಿ ಎಲ್ಲಾರ್ನೂ ಕ್ರಾಸ್ ಎಕ್ಸಾಮಿನ್ ಮಾಡು."

ಆಮೇಲೆ ಅವರು ಪೆನ್ನು ತೆಗೆದು, ನನ್ನ ಕಣ್ಣೆದುರಿಗೇ ಪತ್ರಕ್ಕೆ ಸಹಿ ಹಾಕಿದರು. ಕೋಪದಲ್ಲಿ ಹಾಕಿದ ಸಹಿ. ಅಕ್ಷರಗಳು ಎಂದಿಗಿಂತ ದೊಡ್ಡವಾಗಿದ್ದವು. ಸೋಮವಾರ ಆಸ್ಪತ್ರೆಯ ಆಫೀಸಿನ ನೋಟರಿ ಮುಂದೆ ಮತ್ತೊಮ್ಮೆ ಪ್ರಮಾಣ ಮಾಡಿ ಮುದ್ರೆ ಹಾಕಿಸುವುದಷ್ಟೇ ಬಾಕಿ.

ಊಟ ಮುಗಿದ ಮೇಲೆ ಅಮ್ಮ ಉಳಿದ ಬಾತನ್ನು ಐಸ್‌ಕ್ರೀಮ್ ಡಬ್ಬಕ್ಕೆ ತುಂಬಿ ನನ್ನ ಕೈಗಿತ್ತು, "ಹೋಗಿ ಕೊಟ್ಟು, ಸಾರಿ ಕೇಳ್ಕೊಂಡು ಬಾ" ಎಂದರು. ಬರ್ಮಾ ಅಂಕಲ್ ಮನೆ ಮುಂದಿನ ಡ್ರೈವ್‌ವೇಯಲ್ಲಿ ಬಾಡಿಗೆ ಕಾರಿನ ಬಾಗಿಲು ತೆಗೆಯುತ್ತಿದ್ದರು. ಬಿಸಿಲು ಚೆನ್ನಾಗಿತ್ತು. ಪಕ್ಕದ ಮನೆಯವರು ಹುಲ್ಲು ಕತ್ತರಿಸುತ್ತಿದ್ದರು.

ಸಾರಿ ಎನ್ನಬೇಕೆಂದೇ ಹೋದೆ. ಡಬ್ಬ ಕೊಟ್ಟೆ. ಬಾಯಿ ತೆಗೆದರೆ ಬಂದದ್ದು ಬೇರೆ.

"ಅಂಕಲ್, ಬ್ಯಾಂಕಾಕಲ್ಲಿ ಯಾರಿಗೆ ಸಲಹೆ ಕೊಡ್ತಿದ್ರಿ?"

ಅವರು ಡಬ್ಬವನ್ನು ಕಾರಿನ ಛಾವಣಿಯ ಮೇಲಿಟ್ಟರು. "ಒಳಗೆ ಇದನ್ನ ಕೇಳ್ತೀಯ ಅಂತ ಅಂದ್ಕೊಂಡಿದ್ದೆ. ವಾರ ಕೇಳಿದಾಗ ಬದುಕಿದೆ ಅನ್ನಿಸ್ತು."

ಹೇಳಿದರು. ಬ್ಯಾಂಕಾಕಿನಲ್ಲಿದ್ದದ್ದು ತಿಂಗಳಿಗೆ ಎರಡು ದಿನ, ಸಂಬಳ ತೆಗೆದುಕೊಳ್ಳಲು. ಉಳಿದ ದಿನ ಬರ್ಮಾದ ದಕ್ಷಿಣದ ಕಾಡಿನಲ್ಲಿ, ಪೈಪ್‌ಲೈನಿನ ಸರ್ವೆಯಲ್ಲಿ. ಎಲ್ಲಿ ಬಂಡೆ, ಎಲ್ಲಿ ಜೌಗು, ಪೈಪ್ ಎಲ್ಲಿ ಹಾಯಬೇಕು ಎಂದು ಗೂಟ ನೆಡುವ ಕೆಲಸ. ನಕ್ಷೆಯ ಮೇಲೆ ಅವರ ಸಹಿ. ಗೂಟದ ಸಾಲಿನಲ್ಲಿ ಹಳ್ಳಿಗಳಿದ್ದವು. ಮುಂದಿನ ಸಲ ಹೋದಾಗ ಅವು ಇರಲಿಲ್ಲ.

ನನ್ನ ಡಬ್ಬದಲ್ಲಿದ್ದ ಕಾರ್ಡುಗಳಲ್ಲಿ ಆ ಹಳ್ಳಿಗಳಿದ್ದವು. ಗೂಟ ನೆಟ್ಟವರ ಬಗ್ಗೆ ಯಾವ ಕಾರ್ಡೂ ಇರಲಿಲ್ಲ.

"ನಾನು ಬಾವಿಗೆ ಇಳಿಯೋನ ಥರ ಮಗು. ಅವನು ಕೆಳಗೆ ಹೋದ್ಮೇಲೆ ಕಣ್ಣಿನ ಬಟ್ಟೆ ಬಿಚ್ತಾನೆ. ನಾನು ಬಿಚ್ಚೋಕೆ..."

ಈ ಮಾತು ಮೊದಲೇ ಸಿದ್ಧವಾಗಿತ್ತೇನೋ ಎನ್ನಿಸಿತು. ಎಷ್ಟೋ ಸಲ ಕನ್ನಡಿಯೆದುರು ಹೇಳಿಕೊಂಡ ಹಾಗೆ ನಯವಾಗಿತ್ತು.

"ಬಟ್ಟೆ ವಿಷ್ಯ ಬಿಡಿ ಅಂಕಲ್. ನೀವು ನೋಡಿದ್ರಾ ಇಲ್ವಾ?"

"ನೋಡಿದೆ."

"ನೋಡಿದ ಮೇಲೆ ಎಷ್ಟು ದಿನ ಕೆಲಸ ಮಾಡಿದ್ರಿ?"

ಈಗ ಬಂದದ್ದು ನಯವಾದ ಮಾತಲ್ಲ. ಬೆರಳು ಮಡಚಿ ತೋರಿಸಿದರು. ಎಂಟು. ಎಂಟು ತಿಂಗಳು.

"ರಿಗ್ ಇತ್ತು. ನಲವತ್ತು ಜನ ಕೆಲಸದವ್ರು ಇದ್ರು. ಬಿಟ್ರೆ ಪರ್ಮಿಟ್ ಹೋಗತ್ತೆ ಅಂತ..." ಎಂದರು. ಆಮೇಲೆ, "ಕಾರಣ ಅಲ್ಲ ಅದು. ಹೇಳ್ತಾ ಇದೀನಿ ಅಷ್ಟೇ." ಒಂಬತ್ತನೆಯ ತಿಂಗಳು ಹೊಸ ನಕ್ಷೆಗೆ ಸಹಿ ಹಾಕುವುದಿಲ್ಲ ಎಂದರಂತೆ. ಪರ್ಮಿಟ್ ಹೋಯಿತು, ವಾರಂಟ್ ಬಂತು. ಆ ಭಾಗ ಹೇಳಿಕೆಯಲ್ಲಿ ವಿವರವಾಗಿಯೇ ಇತ್ತು. ತಾವು ಬೇಡ ಎಂದ ದಿನವನ್ನು ಬರೆದು, ಸರಿ ಎಂದ ದಿನಗಳನ್ನು ಬಿಟ್ಟಿದ್ದರು.

"ಇದನ್ನ ಬರೆದ್ರೆ ಇಲ್ಲಿ ಆಶ್ರಯ ಕೊಡಲ್ಲ ಅಂತಾರೆ ನಮ್ಮ ವಕೀಲರು" ಎಂದರು.

"ಬರೀದೆ ಇದ್ದು ಸರ್ಕಾರದವ್ರಿಗೆ ಗೊತ್ತಾದ್ರೆ? ಅಪ್ಪನ ಗತಿ?"

ಅವರು ಕಾರು ಹತ್ತಿದರು. ಬಾತಿನ ಡಬ್ಬ ಛಾವಣಿಯ ಮೇಲೇ ಇತ್ತು. ನಾನು ಓಡಿಹೋಗಿ ಕಿಟಕಿಯಿಂದ ಒಳಗೆ ಕೊಟ್ಟೆ.

ಒಳಗೆ ಬಂದು ಅಪ್ಪನಿಗೆ ಎಲ್ಲ ಹೇಳಿದೆ. ಗೆದ್ದೆ ಎನ್ನುವ ದನಿಯಲ್ಲಿ ಹೇಳಬಾರದೆಂದು ಬಹಳ ಪ್ರಯತ್ನಪಟ್ಟೆ. ಅಪ್ಪ ಸಹಿ ಹಾಕಿದ್ದ ಪತ್ರವನ್ನು ಮತ್ತೆ ಓದಿದರು, ಮಡಚಿದರು, ಬಿಚ್ಚಿದರು. ಅಮ್ಮ ಮೊದಲ ಬಾರಿಗೆ ನನ್ನ ಪರ ಬಂದರು. "ಹರಿದು ಹಾಕ್ರೀ. ಫ್ರೆಂಡ್‌ಶಿಪ್ಪು ಅಂತ ನೀವ್ಯಾಕೆ ಸಿಕ್ಕಾಕ್ಕೋತೀರಾ?"

"ಹರಿದ್ರೆ ಅವನನ್ನ ಕಳಿಸ್ತಾರೆ."

"ಹರೀದಿದ್ರೆ?"

ಅಪ್ಪ ಫೋನ್ ಮಾಡಿ ಅವರನ್ನು ಬುಧವಾರ ಬರಹೇಳಿದರು. ಅವರು ಬರುತ್ತಾರೆಂಬ ನಂಬಿಕೆ ನನಗಿರಲಿಲ್ಲ. ಬಂದರು. ಊಟ ಬೇಡವೆಂದರು, ಅಮ್ಮನೂ ಒತ್ತಾಯ ಮಾಡಲಿಲ್ಲ. ನಾನು ಕಂಪ್ಯೂಟರ್ ಮುಂದೆ ಕೂತೆ, ಅವರು ಹೇಳುತ್ತಾ ಹೋದರು. ಒಂದು ಸಾಲಿದ್ದದ್ದು ಆರು ಪುಟವಾಯಿತು. ನಾನು ನಡುನಡುವೆ ತಡೆದು ಕೇಳುತ್ತಿದ್ದೆ. ಯಾವ ತಿಂಗಳು? ಯಾರು ಜೊತೆಯಲ್ಲಿದ್ದರು? ಆ ದಿನ ನೀವು ಯಾಕೆ ವಾಪಸು ಬರಲಿಲ್ಲ? ಎಂಟು ತಿಂಗಳು ಎಂಬಲ್ಲಿ ಅವರು 'ಕೆಲವು ತಿಂಗಳು' ಎಂದರು. ನಾನು ಎಂಟು ಎಂದೇ ಟೈಪ್ ಮಾಡಿ, ತಿರುಗಿ ನೋಡಿದೆ. ಅವರು ತಲೆಯಾಡಿಸಿದರು.

ಅಪ್ಪ ಹಳೆಯ ಪತ್ರ ಹರಿದು ಹೊಸದನ್ನು ಕೈಯಲ್ಲೇ ಬರೆದರು. ಆಸ್ಪತ್ರೆಯಲ್ಲಿ ರೋಗಿಯ ಕೇಸ್ ಶೀಟ್ ಬರೆಯುವ ಹಾಗೆ ಬರೆದರು. ಡಾಕ್ಟರುಗಳು ಅದರಲ್ಲಿ 'ರೋಗಿ ಹೇಳುವ ಪ್ರಕಾರ' ಎಂದು ಒಂದು ಭಾಗ ಬರೆಯುತ್ತಾರೆ, 'ನಾನು ಕಂಡದ್ದು' ಎಂದು ಇನ್ನೊಂದು ಭಾಗ. ಎರಡನ್ನೂ ಕಲಸುವುದಿಲ್ಲ. ಹಾಸ್ಟೆಲ್ಲಿನ ನಾಲ್ಕು ವರ್ಷ ನಾನು ಕಂಡದ್ದು ಎಂದು ಬರೆದರು. ಜೂನ್ ಒಂದನ್ನು ತಾವೇ ಬರೆದುಕೊಟ್ಟದ್ದನ್ನೂ ಬರೆದರು. ಉಳಿದದ್ದೆಲ್ಲ ಅವನು ಹೇಳುವ ಪ್ರಕಾರ. ಕೊನೆಗೆ, ಈ ಆರು ಪುಟಗಳನ್ನು ಓದಿದ ಮೇಲೂ ಇವನು ನನ್ನ ಗೆಳೆಯ, ಎಂದು ಸೇರಿಸಿದರು. ಆ ಸಾಲಿಗೆ ಯಾವ ಸಾಕ್ಷ್ಯದ ಬೆಲೆಯೂ ಇಲ್ಲ, ತೆಗೆಯಿರಿ ಎಂದೆ. ತೆಗೆಯಲಿಲ್ಲ.

ವಿಚಾರಣೆಯ ದಿನ ಅಪ್ಪ ಸಾಕ್ಷಿಯಾಗಿ ಹೋಗಿದ್ದರು. ಬಂದ ಮೇಲೆ ಟೈ ಬಿಚ್ಚುತ್ತಾ ಹೇಳಿದರು: ಅಮೆರಿಕ ಸರ್ಕಾರದ ಕಡೆಯ ವಕೀಲರು ಕೇಳಿದ ಮೊದಲ ಪ್ರಶ್ನೆಯೇ ಆ ಮೂರು ವರ್ಷದ್ದು. ಅವರ ಫೈಲಿನಲ್ಲಿ ಬರ್ಮಾ ಅಂಕಲ್ ಸಹಿಯಿದ್ದ ನಕ್ಷೆಯ ಪ್ರತಿ ಇತ್ತು. ಹೇಳಿಕೆಯಲ್ಲಿ ಆರು ಪುಟ ಇಲ್ಲದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಜಡ್ಜ್ ಆ ಎಂಟು ತಿಂಗಳ ಬಗ್ಗೆಯೇ ಮಧ್ಯಾಹ್ನವೆಲ್ಲ ಕೇಳಿದರಂತೆ. ತೀರ್ಪು ಬರಲು ಚಳಿಗಾಲ ಕಳೆಯಿತು. ಬಂತು, ಅವರು ಇಲ್ಲೇ ಇರಬಹುದು ಎಂದು.

ಅಮ್ಮ ಪಾಯಸ ಮಾಡಿದರು. "ನೀನೇ ಉಳಿಸಿದ್ದು ಕಣಮ್ಮ" ಎಂದು ಅಪ್ಪ ಬೆನ್ನು ತಟ್ಟಿದರು. ನಾನು ನಗಲಿಲ್ಲ. ನನ್ನ ತಲೆಯೊಳಗೆ ಇನ್ನೊಂದು ಪ್ರಶ್ನೆ ಎದ್ದು ಕೂತಿತ್ತು. ನಕ್ಷೆ ಸರ್ಕಾರದವರ ಕೈಗೆ ಸಿಕ್ಕಿದೆ ಎಂದು ಬರ್ಮಾ ಅಂಕಲ್‌ಗೆ ಮೊದಲೇ ಗೊತ್ತಿತ್ತೇ? ಗೊತ್ತಿದ್ದರೆ, ಡ್ರೈವ್‌ವೇಯಲ್ಲಿ ನಡೆದದ್ದು ತಪ್ಪೊಪ್ಪಿಗೆಯಲ್ಲ. ವಕೀಲರು ಬೇಡವೆಂದದ್ದನ್ನು ಹಟಮಾರಿ ಹುಡುಗಿಯೊಬ್ಬಳ ಕೈಯಲ್ಲಿ ಬರೆಸಿಕೊಳ್ಳುವ ಉಪಾಯ.

ಇದನ್ನು ಎರಡು ವರ್ಷ ಯಾರಿಗೂ ಹೇಳದೆ ಇಟ್ಟುಕೊಂಡೆ. ಈಗ ನಾನು ಅಟ್ಲಾಂಟದಲ್ಲಿ ಕಾಲೇಜು ಓದುತ್ತಿದ್ದೇನೆ. ಬರ್ಮಾ ಅಂಕಲ್ ಉತ್ತರ ಕೆರೊಲಿನಾದ ಕ್ಯಾರಿ ಎಂಬ ಊರಿನ ಹತ್ತಿರ ನೆಲೆಸಿದ್ದಾರೆ. ಅಲ್ಲಿ ಹೊಸ ಮನೆಗಳು ಏಳುತ್ತಲೇ ಇವೆ. ಊರಿನಿಂದ ಸ್ವಲ್ಪ ಆಚೆ ಹೋದರೆ ನಲ್ಲಿ ನೀರಿಲ್ಲ, ಮನೆಗೊಂದು ಬೋರ್‌ವೆಲ್ ಬೇಕು. ಒಂದು ಹಳೆಯ ರಿಗ್ ಕೊಂಡು ಬೋರ್‌ವೆಲ್ ಕೊರೆಯುವ ಕಂಪನಿ ಮಾಡಿದ್ದಾರೆ. ಕಳೆದ ರಜೆಗೆ ಮನೆಗೆ ಡ್ರೈವ್ ಮಾಡಿಕೊಂಡು ಹೋಗುವಾಗ ದಾರಿಯಲ್ಲಿ ಅವರ ಸೈಟಿಗೆ ಹೋದೆ.

ಕೆಂಪು ಮಣ್ಣಿನ ಗುಡ್ಡೆಯ ಮೇಲೆ, ಮೊಣಕಾಲವರೆಗೆ ಕೆಸರು ಮೆತ್ತಿಕೊಂಡು, ಕೇಸಿಂಗ್ ಪೈಪಿಗೆ ಕಿವಿ ಕೊಟ್ಟು ನಿಂತಿದ್ದರು. "ಇಲ್ಲಿ ಗ್ರಾನೈಟು. ನಿಮ್ಮ ಚಾಮುಂಡಿ ಬೆಟ್ಟದ ಥರ. ಬಿರುಕು ಸಿಗೋ ತನಕ ಹೋಗ್ತಾನೇ ಇರ್ಬೇಕು" ಎಂದರು. ಮಷೀನಿನ ಸದ್ದು ನಿಲ್ಲಿಸಿದಾಗ ಕೇಳಿಯೇಬಿಟ್ಟೆ.

"ಅಂಕಲ್, ಆ ನಕ್ಷೆ ಅವರ ಹತ್ರ ಇದೆ ಅಂತ ನಿಮಗೆ ಗೊತ್ತಿತ್ತಾ?"

ಅವರು ನಕ್ಕರು. "ನಿಮ್ಮಪ್ಪನ ಕೇಳಿದ್ಯಾ ಇದನ್ನ?"

"ಇಲ್ಲ."

"ಅವನು ನನ್ನ ಯಾವತ್ತೂ ಕೇಳ್ಲಿಲ್ಲ." ಕೈ ಒರೆಸಿಕೊಂಡರು. "ಗೊತ್ತಿತ್ತು ಅಂತ ಇಟ್ಕೋ. ಇಲ್ಲ ಅಂತ ಇಟ್ಕೋ. ಆ ಹಳ್ಳಿಯವ್ರಿಗೆ ಏನು ವ್ಯತ್ಯಾಸ ಹೇಳು?"

"ನನಗೆ ವ್ಯತ್ಯಾಸ ಇದೆ."

"ನಿನಗಿದೆ" ಎಂದು ಒಪ್ಪಿಕೊಂಡರು. ಮತ್ತೆ ಮಷೀನ್ ಶುರು ಮಾಡಿದರು.

ಆ ಮಧ್ಯಾಹ್ನ ನೀರು ಬಂತು. ಮೊದಲು ಬೂದಿಬಣ್ಣದ ಕೆಸರು, ಆಮೇಲೆ ಹಾಲಿನಂಥದ್ದು, ಆಮೇಲೆ ತಿಳಿ. ನಾನು ಬೊಗಸೆ ಒಡ್ಡಿದೆ. ಅವರು ನನ್ನ ಮಣಿಕಟ್ಟು ಹಿಡಿದು ತಡೆದರು.

"ಕುಡೀಬೇಡ. ಲ್ಯಾಬಿಂದ ರಿಪೋರ್ಟ್ ಬರ್ಲಿ ಮೊದ್ಲು. ಚೆನ್ನಾಗಿ ಕಾಣತ್ತೆ ಅಷ್ಟೇ, ಒಳಗೆ ಏನಿದ್ಯೋ."

ನಾನು ಕೈ ಒದರಿಕೊಂಡೆ. ಹೊರಡುವಾಗ ಅಪ್ಪನಿಗೆಂದು ಒಂದು ಕವರ್ ಕೊಟ್ಟರು. ಒಳಗೆ ಹುಟ್ಟುಹಬ್ಬದ ಕಾರ್ಡು. ಜೂನ್ ಒಂದಕ್ಕೆ ತಲುಪಬೇಕು ಎಂದು ಎರಡು ಸಲ ಹೇಳಿದರು. ಮನೆ ತಲುಪಿ ಕೊಟ್ಟಾಗ ಅಪ್ಪ ಅದನ್ನು ಓದಿ, ಎದ್ದುಹೋಗಿ ಫೋನ್ ತೆಗೆದು, "ಲೋ, ನಿನಗೂ ಹ್ಯಾಪಿ ಬರ್ತ್‌ಡೇ ಕಣೋ" ಎಂದು ಕೂಗಿದರು. ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತು ಕ್ಯಾಲೆಂಡರ್ ನೋಡಿದೆ. ಈ ವರ್ಷ ಅದು ಯಾವ ವಾರಕ್ಕೆ ಬಿದ್ದಿದೆ ಎಂದು.